ಮರಿಯ ಹಸಿವು, ಶತ್ರುವಿನ ಭಯ

ಮಕ್ಕಳೇ, ಬೇಸಿಗೆಯಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಉದ್ದ ಕಾಲಿನ ಹಕ್ಕಿಯೊಂದು ಕೂಗುತ್ತಾ ನಿಮ್ಮ ತಲೆಯ ಮೇಲೆಯೇ ಹಾರಿ ಬಂದದ್ದುಂಟೇ? ಕಣ್ಣಿನ ಬಳಿ ಕೆಂಪು ತೊಗಲಿರುವ ಆ ಹಕ್ಕಿಯೇ ಟಿಟ್ಟಿಭ. ಅದು ನೆಲದಲ್ಲಿ ಸಣ್ಣ ಕುಳಿ ಮಾಡಿ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಕಪ್ಪು ಮಚ್ಚೆಯ ಆ ಮೊಟ್ಟೆಗಳು ಕಲ್ಲು ಮಣ್ಣಿನ ನಡುವೆ ಸುಲಭವಾಗಿ ಕಾಣುವುದಿಲ್ಲ. ನಾಯಿಯೋ ಮನುಷ್ಯರೋ ಸಮೀಪಿಸಿದರೆ ಹಕ್ಕಿ ಮೆಲ್ಲಗೆ ಎದ್ದು ದೂರ ಹೋಗಿ ಕೂಗೆಬ್ಬಿಸುತ್ತದೆ. ಬಂದವರ ಗಮನ ಕೂಗಿನ ಕಡೆ ಹೋಗುತ್ತದೆ, ಮೊಟ್ಟೆ ಉಳಿಯುತ್ತದೆ.

ಗುಟ್ಟು ಬಿಟ್ಟುಕೊಡುವ ಓಡಾಟ

ಪೊದೆಯಲ್ಲಿ ಗೂಡು ಕಟ್ಟುವ ಪಿಕಳಾರಕ್ಕೆ ಇನ್ನೊಂದು ಬಗೆಯ ಕಷ್ಟ. ಅದರ ಮರಿಗಳು ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ. ತಂದೆ ತಾಯಿಯೇ ಆಹಾರ ತಂದು ತಿನ್ನಿಸಬೇಕು. ಆದರೆ ಅವು ಬಂದು ಹೋಗುವಾಗಲೆಲ್ಲ ಗೂಡು ಎಲ್ಲಿದೆ ಎಂಬ ಸುಳಿವು ಕಾಗೆಗೆ ಸಿಗಬಹುದು. ಬಾರದಿದ್ದರೆ ಮರಿಗೆ ಹಸಿವು, ಬಂದರೆ ಅಪಾಯ! ಕೋಸ್ಟರಿಕದಲ್ಲಿ ಹಕ್ಕಿಗಳನ್ನು ಅಭ್ಯಾಸ ಮಾಡಿದ ಅಲೆಕ್ಸಾಂಡರ್ ಸ್ಕಚ್ ಅವರು 1949ರಲ್ಲಿ ಒಂದು ವಿಚಾರ ಮುಂದಿಟ್ಟರು: ಶತ್ರುಗಳ ಕಾಟ ಹೆಚ್ಚಿರುವಲ್ಲಿ ಹಕ್ಕಿಗಳು ಗೂಡಿಗೆ ಬರುವುದನ್ನು ಕಡಿಮೆ ಮಾಡುತ್ತವೆ.

ಬರೀ ಧ್ವನಿಯಿಂದ ನಷ್ಟ

ಹಾಗಾದರೆ ಶತ್ರು ಮುಟ್ಟದೆಯೇ, ಬರೀ ಭಯದಿಂದ ಮರಿಗಳು ಕಡಿಮೆಯಾಗಬಹುದೇ? ಕೆನಡಾ ದೇಶದ ಲಿಯಾನ ಝನೆಟ್ ಮತ್ತು ಸಂಗಡಿಗರು ಸಾಂಗ್ ಸ್ಪ್ಯಾರೋ ಎಂಬ ಚಿಕ್ಕ ಹಕ್ಕಿಯ ಮೇಲೆ ಇದನ್ನು ಪರೀಕ್ಷಿಸಿದರು. ಗೂಡುಗಳಿಗೆ ಬಲೆ ಮತ್ತು ವಿದ್ಯುತ್ ಬೇಲಿಯ ರಕ್ಷಣೆ ಕೊಟ್ಟರು. ಹೀಗಾಗಿ ಯಾವ ಶತ್ರುವೂ ಮೊಟ್ಟೆ ಮರಿಗಳನ್ನು ತಿನ್ನುವಂತಿರಲಿಲ್ಲ. ಬಳಿಕ ಕೆಲವು ಕಡೆ ಧ್ವನಿವರ್ಧಕದಿಂದ ಶತ್ರುಗಳ ಕೂಗನ್ನೂ, ಉಳಿದ ಕಡೆ ಅಪಾಯವಿಲ್ಲದ ಪ್ರಾಣಿಗಳ ಕೂಗನ್ನೂ ಕೇಳಿಸಿದರು.

ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಶತ್ರುವಿನ ಕೂಗು ಕೇಳಿದ ಹಕ್ಕಿಗಳು ಕಡಿಮೆ ಮೊಟ್ಟೆ ಇಟ್ಟವು, ಕಾವು ಕೂರುವುದನ್ನು ಕಡಿಮೆ ಮಾಡಿದವು, ಮರಿಗಳಿಗೆ ಆಹಾರ ತರುವುದನ್ನೂ ಕಡಿಮೆ ಮಾಡಿದವು. ಕೊನೆಗೆ ಅವು ಬೆಳೆಸಿದ ಮರಿಗಳ ಸಂಖ್ಯೆ ಶೇಕಡ 40ರಷ್ಟು ಕಡಿಮೆಯಾಯಿತು. ಎಂದರೆ ಒಂದು ಕಡೆ 10 ಮರಿ ಬೆಳೆದರೆ, ಭಯವಿದ್ದ ಕಡೆ 6 ಮಾತ್ರ!

ನಾವೂ ಭಯ ಹುಟ್ಟಿಸುತ್ತೇವೆ

ಈಗ ಟಿಟ್ಟಿಭದ ವಿಷಯಕ್ಕೆ ಬರೋಣ. ಸುಡುಬಿಸಿಲಿನಲ್ಲಿ ಅದು ಮೊಟ್ಟೆಗಳಿಗೆ ತನ್ನ ಮೈಯನ್ನೇ ನೆರಳಾಗಿಸುತ್ತದೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನಾವು ಕುತೂಹಲದಿಂದ ಗೂಡಿನ ಹತ್ತಿರವೇ ನಿಂತರೆ ಅದು ಹಿಂದಿರುಗುವುದಿಲ್ಲ. ಮೊಟ್ಟೆಗಳು ಬಿಸಿಲಿನಲ್ಲಿ ಕಾಯುತ್ತವೆ. ನಾವು ಮೊಟ್ಟೆಯನ್ನು ಮುಟ್ಟದಿದ್ದರೂ ಹಾನಿಯಾಗಬಹುದು. ಆದ್ದರಿಂದ ಹಕ್ಕಿ ಕೂಗತೊಡಗಿದ ಕೂಡಲೇ ನೆಲ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು.

ಮಾಡಿ ನೋಡಿ

ಶಾಲೆಯ ಸುತ್ತ ಗೂಡು ಕಂಡರೆ ದೂರದಲ್ಲಿ ಮರೆಯಾಗಿ ಕುಳಿತುಕೊಳ್ಳಿ. ಅರ್ಧ ಗಂಟೆಯಲ್ಲಿ ಹಕ್ಕಿ ಎಷ್ಟು ಸಲ ಆಹಾರ ತಂದಿತು ಎಂದು ಬರೆದುಕೊಳ್ಳಿ. ಕಾಗೆಯೋ ಬೆಕ್ಕೋ ಬಂದಾಗ ಅದು ಏನು ಮಾಡಿತು ಎಂಬುದನ್ನೂ ಬರೆಯಿರಿ. ನಿಮ್ಮನ್ನು ಕಂಡು ಹಕ್ಕಿ ಗೂಡಿಗೆ ಬರಲು ಹಿಂಜರಿದರೆ ಅಲ್ಲಿಂದ ಎದ್ದುಬಿಡಿ.

ಯೋಚಿಸಿ ಉತ್ತರಿಸಿ

1. ಪ್ರಯೋಗದಲ್ಲಿ ಗೂಡುಗಳಿಗೆ ಬಲೆ, ಬೇಲಿ ಹಾಕದಿದ್ದರೆ ಮರಿಗಳು ಕಡಿಮೆಯಾಗಲು ಭಯವೇ ಕಾರಣ ಎಂದು ಹೇಳಬಹುದಿತ್ತೇ?
2. ಕೆಲವು ಕಡೆ ಅಪಾಯವಿಲ್ಲದ ಪ್ರಾಣಿಗಳ ಕೂಗನ್ನು ಕೇಳಿಸಿದ್ದು ಏಕೆ?