ನಾಲಾ ನೀರುಂಡ ಹೊಲದ ಶುದ್ಧಿ

ಉಣಕಲ್ಲಿನಿಂದ ಹೊರಟು, ಹುಬ್ಬಳ್ಳಿಯ ಗಟಾರಗಳನ್ನೆಲ್ಲ ಒಡಲೊಳಗಿಟ್ಟುಕೊಂಡು ಬಿಡನಾಳ, ಗಬ್ಬೂರುಗಳತ್ತ ಹರಿಯುವ ನಾಲಾ ನೀರನ್ನು, ಬೇಸಿಗೆಯಲ್ಲಿಯೂ ಬತ್ತದ ಆಸರೆಯೆಂದು ನಂಬಿ ಪಂಪಿನಿಂದೆತ್ತಿ ತಪ್ಪಲು ಪಲ್ಯ ಬೆಳೆದ ರೈತನನ್ನು ದೂಷಿಸುವುದು ಅನ್ಯಾಯ. ಆ ನೀರಿಗೆ ವಿಷ ಬೆರೆಸಿದವರು ನಗರವಾಸಿಗಳಾದ ನಾವು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಸಗಣಿಯಂತೆ ಕೊಳೆತು ಹೋಗುವ ಪದಾರ್ಥಗಳಲ್ಲವಾದುದರಿಂದ ಹೊಲವನ್ನು ಸೇರಿದ ಮೇಲೆ ಅಲ್ಲಿಯೇ ನೆಲೆಸುತ್ತವೆ. ಜಪಾನಿನಲ್ಲಿ ಜಿಂಜು ನದಿಯ ನೀರಿನಿಂದ ಭತ್ತ ಬೆಳೆದುಂಡವರ ಎಲುಬುಗಳು ಶಿಥಿಲವಾದುದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರಕಾರ 1968ರಲ್ಲಿ ಒಪ್ಪಿಕೊಂಡಿತು.

ಮೊದಲು ಮಣ್ಣಿನ ಪರೀಕ್ಷೆಯಾಗತಕ್ಕದ್ದು. ಹೊಲದ ಹತ್ತು ಹದಿನೈದು ಕಡೆ ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋವನ್ನು ಹೊಸ ಚೀಲದಲ್ಲಿ ಕಟ್ಟಬೇಕು. ತುಕ್ಕು ಹಿಡಿದ ಸಲಿಕೆಯೂ ಸತುವಿನ ಲೇಪದ ಬುಟ್ಟಿಯೂ ನಿಷಿದ್ಧ. ಸರಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ತಾಮ್ರಗಳುಂಟು, ಸೀಸ, ಕ್ಯಾಡ್ಮಿಯಂಗಳಿಲ್ಲ. ಇವನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು.

ಲೋಹದ ಆಗಮನವನ್ನು ತಡೆಯದೆ ಮಣ್ಣಿಗೆ ಮದ್ದು ಮಾಡುವುದು ವ್ಯರ್ಥ. ಬೇರೆ ನೀರಿಲ್ಲದವರು ನಾಲಾ ನೀರನ್ನು ಹೊಂಡದಲ್ಲಿ ಒಂದೆರಡು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಹಾಯಿಸಲಿ. ಲೋಹದ ಬಹುಪಾಲು ರಾಡಿಯ ಕಣಗಳಿಗಂಟಿ ತಳಕ್ಕಿಳಿಯುತ್ತದೆ. ಆ ಹೂಳನ್ನು ಗೊಬ್ಬರವೆಂದು ಭ್ರಮಿಸಿ ಹೊಲಕ್ಕೆ ಚೆಲ್ಲಲಾಗದು. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕಸದ ಗುಂಡಿಗಳನ್ನು ಹಿಂದೆ ರೈತರು ಹರಾಜಿನಲ್ಲಿ ಹಿಡಿಯುತ್ತಿದ್ದರು. ಬ್ಯಾಟರಿ, ಬಣ್ಣದ ಡಬ್ಬಿಗಳು ಬೆರೆತ ಇಂದಿನ ಕಸ ಬೇಡವೇ ಬೇಡ.

ಇನ್ನು ಮಣ್ಣಿನ ಮದ್ದು. ಅವಳಿ ನಗರದ ಪೂರ್ವದ ಎರೆಭೂಮಿಯು ಸ್ವಭಾವತಃ ಕ್ಷಾರಯುಕ್ತವಾಗಿ, ತನ್ನ ಜಿಗುಟಿನಲ್ಲಿ ಲೋಹವನ್ನು ಬಿಗಿಹಿಡಿಯುವುದರಿಂದ ಅಲ್ಲಿ ಸುಣ್ಣ ಹಾಕುವುದು ದಂಡ; ಪಶ್ಚಿಮದ ಮಸಾರಿಯಲ್ಲಿ ರಸಸಾರ 6.5ಕ್ಕಿಂತ ಕೆಳಗಿದ್ದರೆ ಮಾತ್ರ ಪರೀಕ್ಷೆ ಹೇಳಿದಷ್ಟು ಬೆರೆಸಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡಕ್ಕೂ ಹಿತ.

ಸಾಸಿವೆ, ಸೂರ್ಯಕಾಂತಿಗಳು ಲೋಹವನ್ನು ಹೀರುವುವೆಂಬ ಮಾತು ಸುಳ್ಳಲ್ಲವಾದರೂ, ಎರೆ ಹಿಡಿದಿಟ್ಟುದನ್ನು ಅವು ಸುಲಭವಾಗಿ ಬಿಡಿಸಲಾರವು. ವರ್ಷಗಳೇ ಹಿಡಿಯುವ ಆ ಕ್ರಮದಲ್ಲಿ, ಬೆಳೆದ ಗಿಡವನ್ನು ದನಕ್ಕಾಗಲಿ ಒಲೆಗಾಗಲಿ ತಿಪ್ಪೆಗಾಗಲಿ ಹಾಕಕೂಡದು. ಬೆಳೆಯನ್ನು ಬದಲಿಸುವುದೇ ವಿವೇಕವೆಂದು ನನಗೆ ತೋರುತ್ತದೆ. ಕ್ಯಾಡ್ಮಿಯಂ ಪಾಲಕ, ರಾಜಗಿರಿಗಳ ಎಲೆಗೆ ಬೇಗ ಏರುತ್ತದೆ, ಕಾಳಿಗೆ ಅಷ್ಟಾಗಿ ಏರದು. ಹೂವು, ಮರಮುಟ್ಟುಗಳು ಉಣ್ಣುವ ವಸ್ತುಗಳೇ ಅಲ್ಲ. ಹತ್ತಿಯೂ ಆದೀತು, ಆದರೆ ಹತ್ತಿಕಾಳು ಎಮ್ಮೆಯ ಬಾನಿಗೆ ಬೀಳುವುದುಂಟು, ಎಚ್ಚರ.

ತಪ್ಪಲನ್ನು ಬಿಡಲಾರದವರು ಶುದ್ಧ ನೀರಿನಲ್ಲಿ ತೊಳೆದರೆ ಧೂಳಿನೊಡನೆ ಅಂಟಿದ ಸೀಸ ಹೋಗುವುದು, ಒಳಸೇರಿದ ಕ್ಯಾಡ್ಮಿಯಂ ಹೋಗದು. ಆದುದರಿಂದ ಕೊಯ್ದ ಎಲೆಯನ್ನೇ ಪರೀಕ್ಷಿಸಿ, ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಹೇಳುವಂತೆ ಕಿಲೋವಿಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿಲಿಗ್ರಾಂ ಮೀರಿದ್ದರೆ, ಆ ಹೊಲದಲ್ಲಿ ತಪ್ಪಲು ಬೆಳೆಯುವುದನ್ನು ನಿಲ್ಲಿಸತಕ್ಕದ್ದು.