ಬರದ ವರ್ಷ ಕೆರೆಯ ಹಕ್ಕಿಗಳನ್ನು ಎಣಿಸುವುದು ಹೇಗೆ?

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಆಗ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಜನವರಿಯಲ್ಲಿ ನಮ್ಮೂರ ಕೆರೆಯ ನಡುವೆ ಮಾತ್ರ ನೀರಿತ್ತು. ಅಬ್ಬಾ ಜೊತೆ ಹೋಗಿ ಎಣಿಸಿದಾಗ ಬೆಳ್ಳಕ್ಕಿಗಳೇ ಅರವತ್ತಕ್ಕೂ ಹೆಚ್ಚು! "ಬರವಿದ್ದರೂ ನಮ್ಮ ಕೆರೆ ಚೆನ್ನಾಗಿದೆ" ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಮಾರ್ಚ್‌ನಲ್ಲಿ ಮತ್ತೆ ಹೋದರೆ, ಬಿರುಕುಬಿಟ್ಟ ಮಣ್ಣಿನ ಮೇಲೆ ಎರಡು ಟಿಟ್ಟಿಭಗಳು ಮಾತ್ರ ಇದ್ದವು.

ನನ್ನ ಎಣಿಕೆ ಸರಿಯಾಗಿತ್ತು, ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು.

ಕೆರೆ ಬತ್ತುವಾಗ ಮೀನುಗಳೆಲ್ಲ ಉಳಿದ ಸ್ವಲ್ಪ ನೀರಿಗೆ ಬಂದು ಸೇರುತ್ತವೆ. ಹಿಡಿಯುವುದು ಸುಲಭವಾದ್ದರಿಂದ ಬೆಳ್ಳಕ್ಕಿ, ಕೊಕ್ಕರೆಗಳು ಗುಂಪುಗೂಡುತ್ತವೆ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗೆ ಕೆಸರಿನಲ್ಲಿ ಹುಳು ಸಿಗುತ್ತದೆ. ಆದರೆ ಮುಳುಗಿ ಬೇಟೆಯಾಡುವ ನೀರುಕಾಗೆ ಮತ್ತು ಗುಳುಮುಳುಕಕ್ಕೆ ಆಳದ ನೀರೇ ಬೇಕು. ಅವು ಮೊದಲು ಹೊರಡುತ್ತವೆ. ಮೀನು ಮುಗಿದ ಮೇಲೆ ಬೆಳ್ಳಕ್ಕಿಗಳೂ ಹೋಗುತ್ತವೆ. ಅಂದರೆ ನಾನು ಕಂಡ ಗುಂಪು ಕೆರೆಯ ಆರೋಗ್ಯದ ಗುರುತಲ್ಲ, ಅದರ ಕೊನೆಯ ದಿನಗಳ ಗುರುತು.

ಆದ್ದರಿಂದ ಎಣಿಸುವವರು ಈ ನಾಲ್ಕು ವಿಷಯ ನೆನಪಿಡಿ:

1. ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಸಮಯಕ್ಕೆ ನಿಂತು ಎಣಿಸಿ.

2. ಹಕ್ಕಿಗಳ ಜೊತೆ ನೀರಿನ ಮಟ್ಟವನ್ನೂ ಬರೆಯಿರಿ. ತೂಬಿನ ಕಲ್ಲಿನ ಎಷ್ಟನೇ ಮೆಟ್ಟಿಲವರೆಗೆ ನೀರಿದೆ ಎಂದು ಬರೆದರೂ ಸಾಕು.

3. ಜಾತಿಗಳನ್ನು ಬೇರೆಬೇರೆ ಬರೆಯಿರಿ. ಮನೆಯಲ್ಲಿ ನಾವು ಎಲ್ಲವನ್ನೂ "ಬಗುಲಾ" ಎನ್ನುತ್ತೇವೆ. ಆದರೆ ಬೆಳ್ಳಕ್ಕಿ ಬೇರೆ, ಕೊಕ್ಕರೆ ಬೇರೆ.

4. ಹತ್ತಿರ ಹೋಗಿ ಓಡಿಸಬೇಡಿ. ಬರದಲ್ಲಿ ಅವು ಹಾರಿ ಹೋಗಲು ಪಕ್ಕದಲ್ಲಿ ಇನ್ನೊಂದು ಕೆರೆ ಇರುವುದಿಲ್ಲ.

ಆಹಾರವೊಂದಿದ್ದರೆ ಸಾಕೇ ಎಂದು ನೀವು ಕೇಳಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿ. ರಾಮ್ಸರ್ ಪಟ್ಟಿಯಲ್ಲಿರುವ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಮೇಯುವುದು ಸುತ್ತಲಿನ ಹೊಲಗಳಲ್ಲಿ, ವಿಶ್ರಾಂತಿ ಪಡೆಯುವುದು ಕೆರೆಯಲ್ಲಿ. ಹೊಲದಲ್ಲಿ ಮೇವಿದ್ದರೂ ನೀರಿಲ್ಲದಿದ್ದರೆ ನಾಯಿ, ನರಿಗಳ ಭಯವಿಲ್ಲದೆ ತಂಗಲು ಅವುಗಳಿಗೆ ಜಾಗವಿರುವುದಿಲ್ಲ.

ನಾವು ವಾಣಿಜ್ಯ ವಿಭಾಗದವರು. ಒಂದು ದಿನದ ಗಲ್ಲಾ ನೋಡಿ ಅಂಗಡಿ ಲಾಭದಲ್ಲಿದೆ ಎನ್ನಲಾಗದು ಎಂದು ನಮಗೆ ಗೊತ್ತು. ಮುಚ್ಚುವ ಅಂಗಡಿಯಲ್ಲೂ ಕೊನೆಯ ದಿನ ಜನ ತುಂಬಿರುತ್ತಾರೆ! ಕೆರೆಯ ಲೆಕ್ಕವೂ ಹಾಗೆಯೇ, ವರ್ಷವಿಡೀ ಬರೆಯಬೇಕು. ಹಕ್ಕಿಯೇ ಇಲ್ಲದ ದಿನ "ಸೊನ್ನೆ" ಎಂದು ಬರೆಯಲು ಬೇಸರಪಡಬೇಡಿ. ಮುಂದೊಂದು ದಿನ ಈ ಕೆರೆಯಲ್ಲಿ ಹಕ್ಕಿಗಳಿದ್ದವೇ ಎಂದು ಯಾರಾದರೂ ಕೇಳಿದರೆ, ಯಾವಾಗ ಇದ್ದವು, ಯಾವಾಗ ಹೋದವು ಎಂದು ಹೇಳಲು ನಮ್ಮ ಬಳಿ ಪುಸ್ತಕವಿರುತ್ತದೆ.