ಬಿತ್ತನೆಕಾಳಿನ ಚೀಲ

ಪ್ರಶ್ನೆ: ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿನ ಕಾಡು, ಕೆರೆದಂಡೆ, ಪಾರ್ಕುಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಟ್ರಸ್ಟಿಗೆ ತಿಂಗಳಿಗೆ 5 ಪೌಂಡ್ ಕೊಡುತ್ತಿದ್ದೇನೆ. ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ಶಿವಮೊಗ್ಗದಿಂದ ಬಂದಿದ್ದಾರೆ. ಟ್ರಸ್ಟಿನ ಆಸ್ತಿಯ ಮೊತ್ತ ನೋಡಿ ಹೌಹಾರಿ, "ಕೋಟಿಗಟ್ಟಲೆ ಇಟ್ಕೊಂಡು ಬಾಡಿಗೆ ಎಣಿಸೋರಿಗೆ ನೀನ್ಯಾಕೋ ದುಡ್ಡು ಕೊಡ್ತೀಯ?" ಅಂತ ದಿನಾ ಕೇಳುತ್ತಾರೆ. ನನಗೂ ಮೋಸಹೋದೆನೇನೋ ಅನ್ನಿಸತೊಡಗಿದೆ. ನಿಲ್ಲಿಸಿಬಿಡಲೇ?
– ಹೆಸರು ಬೇಡ, ಮಿಲ್ಟನ್ ಕೀನ್ಸ್

ಉತ್ತರ: ಅಪ್ಪನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ಕೇಳಬೇಕಾದದ್ದನ್ನೇ ಕೇಳಿದ್ದಾರೆ.

ಇಂಗ್ಲೆಂಡಿನಲ್ಲಿ ಪಾರ್ಕುಗಳನ್ನು ನೋಡಿಕೊಳ್ಳಲೇಬೇಕೆಂಬ ಕಾನೂನಿನ ಕಟ್ಟಳೆ ಸ್ಥಳೀಯ ಕೌನ್ಸಿಲ್‌ಗಳಿಗಿಲ್ಲ. ಕೈ ಬಿಗಿಯಾದಾಗ ಕತ್ತರಿ ಬೀಳುವುದು ಅಲ್ಲಿಗೇ. ನಿಮ್ಮ ಊರನ್ನು ಕಟ್ಟಿದ ಅಭಿವೃದ್ಧಿ ನಿಗಮ 1992ರಲ್ಲಿ ಬಾಗಿಲು ಮುಚ್ಚುವ ಮುನ್ನ ಇದಕ್ಕೊಂದು ದಾರಿ ಮಾಡಿತು. ಸುಮಾರು 4,500 ಎಕರೆ ಹಸಿರನ್ನು 999 ವರ್ಷಗಳ ಗುತ್ತಿಗೆಗೆ ಟ್ರಸ್ಟಿಗೆ ವಹಿಸಿ, ಜೊತೆಗೆ ಸುಮಾರು 2 ಕೋಟಿ ಪೌಂಡ್ ಬೆಲೆಯ ಆಸ್ತಿ, ಹೂಡಿಕೆಗಳನ್ನು ಕೊಟ್ಟಿತು. ಅದರಲ್ಲಿ ಬಹುಪಾಲು ವಾಣಿಜ್ಯ ಕಟ್ಟಡಗಳು. ನಮ್ಮ ಸಾಹಿತ್ಯ ಪರಿಷತ್ತಿನ ದತ್ತಿಯಂತೆಯೇ ಇದೂ: ಅಸಲು ಹಾಗೇ ಇರಬೇಕು, ಬಂದ ಉತ್ಪತ್ತಿಯಲ್ಲಿ ಕೆಲಸ ನಡೆಯಬೇಕು. ಅಪ್ಪ ನೋಡಿ ಬೆಚ್ಚಿದ್ದು ಬಿತ್ತನೆಕಾಳಿನ ಚೀಲವನ್ನು. ಅದನ್ನು ಕುಟ್ಟಿ ಉಂಡರೆ ಮುಂದಿನ ವರ್ಷ ಹೊಲ ಬೀಳು.

ನಮ್ಮ ಬಡಾವಣೆಯ ಪಾರ್ಕ್ ಸಮಿತಿಗೆ ನಾನು ಎರಡು ವರ್ಷ ಖಜಾಂಚಿಯಾಗಿದ್ದೆ. ಒಂದು ಮಾರ್ಚ್‌ನಲ್ಲಿ ಬೋರ್‌ವೆಲ್ ಮೋಟರು ಸುಟ್ಟುಹೋಯಿತು. ಮಾಲಿಯ ಹಿಂದಿನ ತಿಂಗಳ ಸಂಬಳವೇ ಬಾಕಿ. ಮನೆಮನೆ ಸುತ್ತಿ ರಿವೈಂಡಿಂಗ್‌ಗೆ ದುಡ್ಡು ಕೂಡಿಸುವಷ್ಟರಲ್ಲಿ ಹೊಂಗೆ ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಉಗುರಿನಲ್ಲಿ ಕೆರೆದು ನೋಡಿದೆ, ತೊಗಟೆಯಡಿ ಹಸಿರಿರಲಿಲ್ಲ. ಇಡುಗಂಟಿಲ್ಲದ ಪಾರ್ಕಿನ ಪಾಡು ಅದು. ಆದ್ದರಿಂದಲೇ ಟ್ರಸ್ಟಿನ ಒಂದು ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಹೊಸ ಬಡಾವಣೆಯ ಪಾರ್ಕನ್ನು ವಹಿಸಿಕೊಳ್ಳುವಾಗ ಅದು ನೆಲದ ಜೊತೆಗೆ ನಿರ್ವಹಣೆಗೆ ಬೇಕಾದ ಇಡುಗಂಟನ್ನೂ ಪಡೆಯುತ್ತದೆ.

ನಿಮ್ಮ 5 ಪೌಂಡ್ ನಿಂತರೆ ಟ್ರಸ್ಟು ಮುಳುಗುವುದಿಲ್ಲ, ನಿಜ. ಆದರೆ ಕಟ್ಟಡ ಖಾಲಿ ಬಿದ್ದರೆ ಬಾಡಿಗೆ ನಿಲ್ಲುತ್ತದೆ, ಮರದ ಖರ್ಚು ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಮೊದಲು ಗುರುತಿಸಿದ ಶಿಲೀಂಧ್ರ ರೋಗ ಆಶ್ ಮರಗಳನ್ನು ತುದಿಯಿಂದ ಒಣಗಿಸುತ್ತದೆ. ಕಾಲುದಾರಿಯ ಪಕ್ಕದ ರೋಗದ ಮರವನ್ನು ಬಾಡಿಗೆ ಬರಲಿ ಎಂದು ಕಾಯದೆ ಕಡಿಯಲೇಬೇಕು.

ಚಾರಿಟಿ ಕಮಿಷನ್ನಿನ ರಿಜಿಸ್ಟರಿನಲ್ಲಿ ಟ್ರಸ್ಟಿನ ಲೆಕ್ಕಪತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮೂರು ನಾಲ್ಕು ವರ್ಷದ್ದು ತೆಗೆದು ಅಪ್ಪನ ಮುಂದಿಡಿ. ಉತ್ಪತ್ತಿ ಖರ್ಚಿಗೆ ಸಾಲುತ್ತಿದೆಯೇ, ಬೆಲೆ ಏರಿದಂತೆ ಅಸಲೂ ಏರಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಪಳಗಿದ ಅವರ ಕಣ್ಣು ನಮಗಿಂತ ಬೇಗ ಹಿಡಿಯುತ್ತದೆ. ಸಮಾಧಾನವಾಗದಿದ್ದರೆ ಅಳುಕದೆ ನಿಲ್ಲಿಸಿ. ಮುಂದುವರಿಸುವುದಾದರೆ, ನೀವು ಅಲ್ಲಿ ಸಾಕಷ್ಟು ತೆರಿಗೆ ಕಟ್ಟುತ್ತಿದ್ದಲ್ಲಿ, ಗಿಫ್ಟ್ ಏಡ್‌ಗೆ ಒಪ್ಪಿಗೆ ಕೊಟ್ಟಿದ್ದೀರಾ ನೋಡಿಕೊಳ್ಳಿ. ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ನಿಮ್ಮ 5 ಪೌಂಡ್ ಟ್ರಸ್ಟಿನ ಕೈಗೆ 6.25 ಆಗಿ ಸೇರುತ್ತದೆ.